ಅರಿಸಿನ ಹತ್ತದ ದವಡೆ

ತೊಡೆಮೂಳೆಯ ಮುರಿದ ತುದಿಯನ್ನು ಪವಿತ್ರಾ ನಾಲಗೆಗೆ ತಾಗಿಸಿದ್ದನ್ನು ಸಾಕಮ್ಮ ನೋಡಿಬಿಟ್ಟಳು.

ಯಾರ ಕಣ್ಣಿಗೂ ಬೀಳಬಾರದೆಂದೇ ಪವಿತ್ರಾ ಗೋಡೆಯ ಕಡೆ ತಿರುಗಿ ಕೂತಿದ್ದಳು. ಆದರೆ ಮಗನ ಮೂಳೆಯೆಂದು ನಂಬಿ ಮೊನ್ನೆಯಿಂದ ರೆಪ್ಪೆ ಮುಚ್ಚದೆ ಕಾದವಳ ಕಣ್ಣು ತಪ್ಪಿಸುವುದು ಯಾರಿಂದಾದೀತು?

"ಏನವ್ವ ಮಾಡ್ದೆ ನೀನು?" ಸಾಕಮ್ಮನ ದನಿ ಏರಲಿಲ್ಲ. ಏರಿದ್ದರೇ ಚೆನ್ನಾಗಿತ್ತು. "ನನ್ ಮಗನ ಮೂಳೆ ನೆಕ್ದಾ?"

ನಡುಮನೆಯ ಹೆಂಗಸರ ಪಿಸುಮಾತು ನಿಂತಿತು. ಬಾಗಿಲಲ್ಲಿದ್ದ ಇನ್ಸ್‌ಪೆಕ್ಟರ್ ಮಹೇಶ್‌ಕುಮಾರ್ ಟೋಪಿ ತೆಗೆದು, ಏನು ಮಾಡುವುದೆಂದು ತಿಳಿಯದೆ ಮತ್ತೆ ಹಾಕಿಕೊಂಡರು. ಮೈಸೂರಿನ ಕಾಲೇಜಿನಿಂದ ಈ ಮೂಳೆ ಓದುವ ಮೇಡಮ್ಮನ್ನು ಕರೆಸಿದ್ದು ಅವರೇ. ಯಾಕಾದರೂ ಕರೆಸಿದೆನೋ ಎಂಬುದು ಮುಖದ ಮೇಲೇ ಬರೆದಿತ್ತು.

"ನೆಕ್ಕಲಿಲ್ಲ ಕಣಮ್ಮ, ಮುಟ್ಟಿಸಿದೆ," ಎಂದಳು ಪವಿತ್ರಾ. "ನಾಲಗೆಗೆ ಅಂಟ್ಕೊಳ್ತು. ಹೊಸ ಮೂಳೆ ಅಂಟಲ್ಲ. ಒಳಗಿನ ಸಾರವೆಲ್ಲ ಮಣ್ಣಿಗೆ ಹೋಗಿ ಒಣಗಿದ ಹಳೇ ಮೂಳೆ ಮಾತ್ರ ಹಿಂಗೆ ಅಂಟೋದು. ನಿಮ್ಮ ಮನಸ್ಸಿಗೆ ನೋವಾಗಿದ್ರೆ ತಪ್ಪಾಯ್ತು. ಆದ್ರೆ ಇದು ನಿಮ್ಮ ಮಗ ಅಲ್ಲ."

ಗಾವಡಗೆರೆ ಹೋಬಳಿಯ ಬೀರನಕೊಪ್ಪಲಿನಲ್ಲಿ ಮೊನ್ನೆ ನಡೆದದ್ದು ಇಷ್ಟು. ಸಣ್ಣಬೀರಯ್ಯ ತನ್ನ ಹೊಲದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಕಟ್ಟಲು ಪಾಯ ತೆಗೆಸುತ್ತಿದ್ದಾಗ ಜೆಸಿಬಿಯ ಬಕೆಟ್ಟಿನಲ್ಲಿ ಮನುಷ್ಯರ ಮೂಳೆ ಬಂದವು. ಅದರಲ್ಲಿ ಒಂದು ಕಾಲು ಸಣಕಲು, ಸೊಟ್ಟ. ಆರು ವರ್ಷದ ಹಿಂದೆ ಕಾಣೆಯಾದ ಸಾಕಮ್ಮನ ಮಗ ಶಶಿಕುಮಾರ್ ಕೂಡ ಕುಂಟುತ್ತಿದ್ದ. ಕಾಣೆಯಾದ ವಾರವೇ, ತನ್ನ ತಂಗಿ ಸ್ಪಂದನಾಳ ಹಿಂದೆ ಬಿದ್ದಿದ್ದಾನೆಂದು ಸಣ್ಣಬೀರಯ್ಯನ ಮಗ ಸ್ವಾಮಿ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬಡಿದಿದ್ದ. ಊರಿಗೆ ಇನ್ನೇನು ಬೇಕು? ಪೊಲೀಸರಿಗೆ ತಾನೇ ಇನ್ನೇನು ಬೇಕು?

ಜೀಪು ಬರುವ ಹೊತ್ತಿಗೆ ಸಾಕಮ್ಮ ಮೂಳೆಗಳನ್ನು ಮೊರಕ್ಕೆ ತುಂಬಿಕೊಂಡು ಬಾವಿಯ ಹತ್ತಿರ ಕೂತಾಗಿತ್ತು. ಹಾಲಿನಲ್ಲಿ ತೊಳೆದಳು, ಅರಿಸಿನ ಬಳಿದಳು. ಬೇಡವೆಂದ ಪೊಲೀಸರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಹೊಸ ಪಂಚೆಯ ಮೇಲೆ ಮಲಗಿಸಿ, ತಕ್ಕೊಂಡೋಗೋದಾದರೆ ನನ್ನೂ ಹೊತ್ಕೊಂಡೋಗಿ ಎಂದು ಹೊಸ್ತಿಲಿಗೆ ಅಡ್ಡ ಮಲಗಿದಳು. ಇನ್ಸ್‌ಪೆಕ್ಟರು ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿ, ಪವಿತ್ರಾಳಿಗೆ ಫೋನ್ ಮಾಡಿ, ಸ್ವಾಮಿಯನ್ನು ಮಾತ್ರ ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. ಇವತ್ತು ಸಂಜೆ ಅವನ ಮೇಲೆ ಕೊಲೆ ಕೇಸು ಬರೆಯುವುದೋ ಬಿಡುವುದೋ ಎನ್ನುವುದು ಪವಿತ್ರಾಳ ಬಾಯಲ್ಲಿತ್ತು.

ಮೂಳೆ ತೊಳೆದ ಸುದ್ದಿ ಕೇಳಿ ಪವಿತ್ರಾ ಫೋನಿನಲ್ಲೇ ಹಣೆ ಚಚ್ಚಿಕೊಂಡಿದ್ದಳು. ಮೂಳೆಯ ಸಂದುಗೊಂದಿನ ಮಣ್ಣು ಅವಳ ವಿದ್ಯೆಗೆ ಅರ್ಧ ಬಂಡವಾಳ. ಅದನ್ನೇ ಹಾಲು ಸುರಿದು ತೊಳೆದರೆ ಉಳಿಯುವುದೇನು? ಈ ಸೀಮೆಯ ತಾಯಂದಿರನ್ನು ಬಿಟ್ಟರೆ ಇಂಥ ತಪ್ಪು ಮಾಡುವವರು ಇನ್ನಾರೂ ಇಲ್ಲ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಬಂದಿದ್ದಳು. ಅವಳೂ ಬೆಟ್ಟದಪುರದ ಹೊಗೆಸೊಪ್ಪಿನ ಮನೆಯ ಮಗಳೇ. ಬೈಯುವ ಹಕ್ಕು ತನಗಿದೆ ಎಂಬುದು ಅವಳ ನಂಬಿಕೆ.

"ನನ್ ಮಗ ಅಲ್ಲ ಅಂದ್ರೆ ಮತ್ಯಾರು?" ಸಾಕಮ್ಮ ಪಂಚೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಕಾಲು ನೋಡಿ ಮಾತಾಡು. ಆ ಕಾಲಿಗೆ ಎಣ್ಣೆ ತಿಕ್ಕಿ ಸಾಕ್ದೋಳು ನಾನು."

"ಕಾಲಿಗೆ ಬರ್ತೀನಿ. ಮೊದ್ಲು ಇಲ್ಲಿ ಬೆರಳಿಡಿ. ಇದು ಸೊಂಟದ ಮೂಳೆ."

ಸಾಕಮ್ಮ ಬೆರಳಿಟ್ಟಳು.

"ಈ ಕಮಾನು ಎಷ್ಟು ಅಗಲ ಇದೆ ನೋಡಿ. ಗಂಡಸರಿಗೆ ಇಷ್ಟು ಅಗಲ ಇರಲ್ಲ. ಇವಳು ಹೆಂಗಸು."

"ಹೆಂಗ್ಸಾ?" ಗೋಡೆಯ ಹತ್ತಿರದಿಂದ ಯಾರೋ ಕೇಳಿದರು. ಸಾಕಮ್ಮ ಮಾತ್ರ ಬೆರಳು ತೆಗೆಯಲಿಲ್ಲ.

"ಐವತ್ತು ದಾಟಿದ ಹೆಂಗಸು. ಮೇಲಿನ ಹಲ್ಲು ನೋಡಿ, ತಟ್ಟೆಯಾಗಿ ಸವೆದಿವೆ. ಬೀಸೋಕಲ್ಲಿನ ಪುಡಿ ಹಿಟ್ಟಿಗೆ ಸೇರಿ, ಅದನ್ನ ಜೀವಮಾನವೆಲ್ಲ ಉಂಡೋರ ಹಲ್ಲು ಹಿಂಗೆ ಸವೆಯುತ್ತೆ. ನಿಮ್ಮ ಮಗ ಉಂಡಿದ್ದು ಮಿಲ್ಲಿನ ಹಿಟ್ಟು."

ಮಹೇಶ್‌ಕುಮಾರ್ ಒಳಗೆ ಬಂದರು. "ಅಂದ್ರೆ ಎಷ್ಟು ಹಳೇದು ಮೇಡಂ?"

"ಲ್ಯಾಬಿಗೆ ಕಳಿಸಿದ ಮೇಲೆ ಖಚಿತವಾಗಿ ಹೇಳ್ತೀನಿ. ಸದ್ಯಕ್ಕೆ ನಿಮ್ಮಜ್ಜನ ಅಜ್ಜನಿಗೂ ಹಿಂದಿನವಳು ಅಂತ ಬರ್ಕೊಳ್ಳಿ. ಬೆಳಿಗ್ಗೆ ಹೊಲಕ್ಕೆ ಹೋಗಿದ್ದೆ. ಜೆಸಿಬಿ ಕಡಿದ ಗುಂಡಿಯ ಗೋಡೆಯಲ್ಲಿ ಇನ್ನೂ ಇಬ್ಬರಿದ್ದಾರೆ, ನಿಮ್ಮೋರು ಯಾರೂ ನೋಡಿಲ್ಲ. ಅಲ್ಲಿ ಕೊಲೆ ಆಗಿಲ್ಲ. ಅದು ಹಳೇ ಕಾಲದೋರನ್ನ ಮಣ್ಣು ಮಾಡಿದ ಜಾಗ."

ಹೊರಗೆ ಜಗಲಿಯಲ್ಲಿ ಸಣ್ಣಬೀರಯ್ಯ ಕಂಬ ಹಿಡಿದು ನಿಂತಿದ್ದ. ಇನ್ಸ್‌ಪೆಕ್ಟರು ಹೇಳಿಕಳಿಸಿದ್ದರಿಂದ ಬಂದಿದ್ದನೇ ಹೊರತು ಈ ಮನೆಯ ಜಗಲಿ ಹತ್ತಿ ಆರು ವರ್ಷವಾಗಿತ್ತು. ಅವನ ಹಿಂದೆ ಹೆಂಡತಿ ಸೋಮಮ್ಮ ಸೆರಗು ಹೊದ್ದು ನಿಂತಿದ್ದಳು. ಕೊಲೆ ಆಗಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಮುದುಕ ಕಂಬ ಬಿಟ್ಟು ನೆಟ್ಟಗಾದ.

"ಆ ಕಾಲು?" ಎಂದಳು ಸಾಕಮ್ಮ. ಹಟ ಬಿಡುವವಳಲ್ಲ. ಮಗ ಸತ್ತಿದ್ದಾನೆಂಬುದನ್ನು ಮೊನ್ನೆ ತಾನೇ ಒಪ್ಪಿಕೊಂಡವಳಿಗೆ, ಆ ಸಾವನ್ನೂ ಕಿತ್ತುಕೊಂಡರೆ ಕೈಯಲ್ಲಿ ಉಳಿಯುವುದೇನು?

ಪವಿತ್ರಾ ಸಣಕಲು ಮೂಳೆಯನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡಳು. ಸತ್ತವರು ಹೇಗೆ ಸತ್ತರೆಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಹೇಗೆ ಬಾಳಿದರು, ಏನು ಉಂಡರು, ಯಾವ ಕಾಯಿಲೆಗೆ ಬಿದ್ದು ಹೇಗೆ ಎದ್ದರು ಎಂದು ಹೇಳುವುದು ಅವಳ ಕಸುಬು. ಆ ಕಸುಬಿನ ಮೇಲೆ ಅವಳಿಗೆ ಇದ್ದ ಹೆಮ್ಮೆ ಸಣ್ಣದಲ್ಲ. ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ಇರಲಿಲ್ಲ.

"ಇವಳಿಗೆ ಮೂರೋ ನಾಲ್ಕೋ ವರ್ಷ ಇದ್ದಾಗ ಸೊಂಟದ ಕೀಲಿಗೆ ದೊಡ್ಡ ಕಾಯಿಲೆ ಬಂದಿದೆ. ಆವತ್ತಿಂದ ಈ ಕಾಲು ಬೆಳೀಲಿಲ್ಲ. ಅದೇ ವಯಸ್ಸಲ್ಲಿ ಮೂಡ್ತಿದ್ದ ಹಲ್ಲಿನ ಮೇಲೆ ಒಂದು ಗೆರೆ ಬಿದ್ದಿದೆ. ಮಗು ಹಸಿದ್ರೆ, ಮಲಗಿಬಿಟ್ರೆ, ಹಲ್ಲು ಅದನ್ನ ಮರೆಯಲ್ಲ. ಆದ್ರೆ ಗೆರೆ ಒಂದೇ. ಆಮೇಲೆ ಬೆಳೆದ ಹಲ್ಲು ನುಣ್ಣಗಿದೆ."

"ಅಂಗಂದ್ರೆ?" ಜಗಲಿಯಿಂದ ಸಣ್ಣಬೀರಯ್ಯ ಕೇಳಿದ.

"ಅಂದ್ರೆ ಆಮೇಲೆ ಅವಳನ್ನ ಯಾರೂ ಹಸಿವಿಗೆ ಬಿಡ್ಲಿಲ್ಲ, ಬೀರಯ್ಯನೋರೆ. ಕಣ್ಣಿನ ಗೂಡಿನ ಮೇಲ್ಭಾಗ ನೋಡಿ. ರಕ್ತ ಸಾಲದೆ ಬಿಳಿಚಿಕೊಂಡೋರಿಗೆ ಇಲ್ಲಿ ಸಣ್ಣ ಸಣ್ಣ ತೂತು ಬೀಳುತ್ತೆ. ಇವಳಿಗೆ ಇಲ್ಲ. ಕತ್ತಿನ ಮೂಳೆ ನೋಡಿ, ಒತ್ತಿ ಚಪ್ಪಟೆಯಾಗಿದೆ. ತಲೆ ಮೇಲೆ ಹೊರೆ ಹೊತ್ತಿದ್ದಾಳೆ. ಕುಂಟ್ತಾ ಕುಂಟ್ತಾನೇ ಗೇಯ್ದಿದ್ದಾಳೆ."

ಹೆಂಗಸರು ಹತ್ತಿರ ಸರಿದರು. ಮೂಳೆಗೆ ಹೆದರಿ ಗೋಡೆಗಂಟಿ ಕೂತವರೇ ಈಗ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದ್ದರು.

"ಹೊಲದ ಗುಂಡಿಯಲ್ಲಿರೋ ಇಬ್ಬರಿಗೂ ಎರಡು ಕಾಲೂ ಸರಿ ಇದ್ವು. ಅವರ ಮೂಳೆ ಎಷ್ಟು ಗಟ್ಟಿಯೋ ಇವಳ ಒಳ್ಳೇ ಕಾಲಿನ ಮೂಳೆನೂ ಅಷ್ಟೇ ಗಟ್ಟಿ. ಅವರು ಉಂಡಿದ್ದನ್ನೇ ಇವಳೂ ಉಂಡಿದ್ದಾಳೆ, ಅಷ್ಟಷ್ಟೇ ಉಂಡಿದ್ದಾಳೆ. ಕುಂಟಿ ಅಂತ ಮೂಲೇಲಿ ಕೂರಿಸಿ ತಂಗಳು ಹಾಕ್ಲಿಲ್ಲ. ನಾನು ಎಷ್ಟೋ ಊರಿನ ಮಣ್ಣಲ್ಲಿ ಮೂಳೆ ನೋಡಿದ್ದೀನಿ. ದೊಡ್ಡ ದೊಡ್ಡ ಕೋಟೆ ಕಟ್ಟಿದ ಊರಲ್ಲೂ ಹಿಂಗಿರಲ್ಲ."

ಹೇಳುತ್ತಾ ಹೇಳುತ್ತಾ ಅವಳಿಗೆ ಹೆಮ್ಮೆಯೆನಿಸಿತು, ತನ್ನ ಬಗ್ಗೆಯಲ್ಲ, ಹೆಸರೂ ಉಳಿಯದ ಆ ಮನೆಯವರ ಬಗ್ಗೆ. ಬೆಳಿಗ್ಗೆ ಎದ್ದು ಒಲೆ ಹೊತ್ತಿಸಿ ಮುದ್ದೆ ತೊಳಸಿ, ಕುಂಟುವ ಮಗುವಿನ ತಟ್ಟೆಗೂ ಅಷ್ಟೇ ದೊಡ್ಡದು ಹಾಕಿದ ಯಾವಳೋ ಒಬ್ಬ ತಾಯಿಯ ಬಗ್ಗೆ. ಆ ತಾಯಿ ಸತ್ತ ಮೇಲೆ ಹಾಕಿದವರ ಬಗ್ಗೆ ಇನ್ನೂ ಹೆಚ್ಚು.

"ಕೇಳುದ್ರೇನ್ರಪ್ಪ?" ಸಣ್ಣಬೀರಯ್ಯ ಅಂಗಳದಲ್ಲಿ ಸೇರಿದ್ದ ಗಂಡಸರ ಕಡೆ ತಿರುಗಿದ. ಮೊನ್ನೆಯಿಂದ ನೆಲ ನೋಡುತ್ತಿದ್ದ ಮುಖ ಮೇಲೆದ್ದಿತ್ತು. "ನನ್ನೊಲ್ದಾಗಿರೋ ನಮ್ಮೋರು ಅವ್ರು. ಯಾರ್ನೂ ಅಸ್ದು ಸಾಯಕ್ಕೆ ಬುಟ್ಟೋರಲ್ಲ. ಅಂತೋರ ವಂಸ ನಾವು. ನನ್ ಮಗ ಒಂದೇಟು ಒಡ್ದಿರ್ಬೋದು ಕಣ್ರಲಾ, ಒಂದ್ ಜೀವ ತೆಗೆಯೋನಲ್ಲ."

ಮೊನ್ನೆ ಅವನ ಮನೆಗೆ ಕಲ್ಲು ತೂರಿದವರೂ ಆ ಗುಂಪಿನಲ್ಲಿದ್ದರು, ಅವರೂ ತಲೆದೂಗಿದರು. ಊರೆಂದರೆ ಹೀಗೆಯೇ, ಹೆಮ್ಮೆ ಪಡುವ ಹೊತ್ತಿಗೆ ಎಲ್ಲರೂ ಒಂದೇ ವಂಶ.

"ಹಾಗಾದ್ರೆ ಬರೆದುಕೊಡಿ ಮೇಡಂ," ಎಂದರು ಮಹೇಶ್‌ಕುಮಾರ್. ಅವರಿಗೂ ಒಂದು ಭಾರ ಇಳಿದ ಹಾಗಿತ್ತು. "ಎಲ್ಲ ಪೆಟ್ಟಿಗೆಗೆ ತುಂಬಿಸಿ."

ಪವಿತ್ರಾ ಮೂಳೆಗಳನ್ನು ಒಂದೊಂದಾಗಿ ಎತ್ತತೊಡಗಿದಳು. ತಲೆಯ ಕಡೆ ಹೂವಿನ ರಾಶಿ ಬಿದ್ದಿತ್ತು. ನಿನ್ನೆ ಇಡೀ ದಿನ ಊರಿನ ಹೆಂಗಸರು ಬಂದು, ಒಂದು ಹಿಡಿ ಅಕ್ಕಿ, ಒಂದಿಷ್ಟು ಸೇವಂತಿಗೆ ಹಾಕಿ ಹೋಗಿದ್ದರು. ಗಂಡಸರು ಅಂಗಳ ದಾಟಿ ಬಂದಿರಲಿಲ್ಲ. ಬಾಡಿದ ಹೂವನ್ನು ಪಕ್ಕಕ್ಕೆ ಸರಿಸಿದಾಗ ಕೆಳಗೆ ಒಂದು ದವಡೆ ಕಂಡಿತು.

ಅವಳ ಕೈ ನಿಂತಿತು.

ಮುದುಕಿಯ ಕೆಳದವಡೆಯನ್ನು ಅವಳು ಆಗಲೇ ಎತ್ತಿಟ್ಟಿದ್ದಳು. ಜೆಸಿಬಿಯ ಹಲ್ಲು ತಗಲಿ ಎರಡು ತುಂಡಾಗಿತ್ತು, ಹಲ್ಲುಗಳು ತಲೆಬುರುಡೆಯ ಹಲ್ಲಿಗೆ ಸರಿಯಾಗಿ ಕೂರುತ್ತಿದ್ದವು. ಹಾಗಿದ್ದರೆ ಇದು ಯಾರದು? ಪಂಚೆಯ ಮೇಲೆ ಇದ್ದದ್ದು ಒಂದೇ ತಲೆ. ಒಂದು ತಲೆಗೆ ಎರಡು ಕೆಳದವಡೆ ಇರುವುದು ಎಲ್ಲಿಯಾದರೂ ಉಂಟೇ?

ಅವಳು ಅದನ್ನು ಬೆಳಕಿಗೆ ಹಿಡಿದಳು. ಹಲ್ಲು ಸವೆದಿರಲಿಲ್ಲ. ತೂಕವಿತ್ತು. ಹಿಂದಿನ ಒಂದು ಹಲ್ಲಿನ ನೆತ್ತಿಯಲ್ಲಿ ಬೂದು ಬಣ್ಣದ ಚುಕ್ಕೆ ಮಿಂಚಿತು. ಆ ಹಲ್ಲಿಗೆ ಡಾಕ್ಟರು ಮದ್ದು ತುಂಬಿದ್ದರು.

"ಸಾರ್," ಎಂದಳು ಪವಿತ್ರಾ. "ಇದು ಹಳೇದಲ್ಲ."

ಇನ್ಸ್‌ಪೆಕ್ಟರು ಬಗ್ಗುವ ಮೊದಲೇ ಸಾಕಮ್ಮ ಬಗ್ಗಿದಳು. ಮುಟ್ಟಲಿಲ್ಲ. ನೋಡಿದಳು, ಅಷ್ಟೇ.

"ಕೆ.ಆರ್. ನಗರದಾಗೆ ತುಂಬ್ಸಿದ್ದು," ಎಂದಳು. "ಸಿಮೆಂಟು ಆಕಿಸ್ದೆ, ಇನ್ನು ಉಳುಕಾಗಲ್ಲ ಕಣವ್ವ ಅಂದಿದ್ದ ನನ್ ಮಗ. ಮುಂದಿನ ಎರಡ್ ಹಲ್ಲು ಒಂದ್ರ ಮೇಲೊಂದು ಅತ್ಕಂಡವೆ ನೋಡಿ. ನನ್ ಸಸಿ."

ಅಂಗಳದಲ್ಲಿ ಗುಲ್ಲೆದ್ದಿತು. ಮಹೇಶ್‌ಕುಮಾರ್ ಕ್ಷಣದಲ್ಲಿ ಮತ್ತೆ ಪೊಲೀಸರಾದರು.

"ನೋಡಿದ್ರಾ ಮೇಡಂ? ನಿಮ್ಮ ಹಳೇ ಕಾಲದೋರ ಜೊತೆಗೇ ಹುಡುಗನ್ನೂ ಹೂತಿದ್ದಾನೆ. ಹಳೇ ಮಸಣ ಅಂತ ಗೊತ್ತಿತ್ತು, ಯಾರಿಗೂ ಅನುಮಾನ ಬರಲ್ಲ ಅಂತ ಅಲ್ಲೇ ಹಾಕಿದ್ದಾನೆ. ಹೊಲ ಯಾರದು? ಬೀರಯ್ಯಂದು. ಹೊಡೆದೋನು ಯಾರು? ಅವನ ಮಗ."

ಸಣ್ಣಬೀರಯ್ಯನ ಕೈ ಮತ್ತೆ ಕಂಬ ಹುಡುಕಿತು. ಆಗ ತಲೆದೂಗಿದವರು ಈಗ ಒಂದೊಂದು ಹೆಜ್ಜೆ ಹಿಂದೆ ಸರಿದು ಅವನ ಸುತ್ತ ಜಾಗ ಬಿಟ್ಟರು. ಪವಿತ್ರಾ ದವಡೆಯನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದಳು. ಇಷ್ಟು ಹೊತ್ತು ಎದೆ ಉಬ್ಬಿಸಿ ಮಾತಾಡಿದವಳು ತಾನೇ ಆ ಮುದುಕನ ಮಗನನ್ನು ಒಳಗೆ ತಳ್ಳಿದಳೇ?

ಅವಳು ದವಡೆಯನ್ನು ಪಂಚೆಯ ಮೇಲೆ ಇಟ್ಟಳು. ಇಟ್ಟದ್ದೇ ಅದು ಕಣ್ಣಿಗೆ ಹೊಡೆಯಿತು. ಅಲ್ಲಿದ್ದ ಮೂಳೆಗಳೆಲ್ಲ ಹಳದಿ. ಒಣಗಿದ ಮೂಳೆಗಳು ಅರಿಸಿನವನ್ನು ಕುಡಿದು ಒಳಗಿನವರೆಗೂ ಹಳದಿಯಾಗಿದ್ದವು. ಅವುಗಳ ನಡುವೆ ದವಡೆ ಮಾತ್ರ ಕಂದು.

"ಸಾಕಮ್ಮ, ನೀವು ತೊಳೆಯುವಾಗ ಯಾವ ಮೂಳೆನಾದ್ರೂ ಬಿಟ್ರಾ?"

"ಬುಡ್ತೀನಾ? ಕಿರುಬೆರಳ ಮೂಳೆನೂ ಬುಟ್ಟಿಲ್ಲ. ನನ್ ಮಗನ್ನ ಕೊಳೇನಾಗೆ ಮಣ್ಣಿಗೆ ಕಳಿಸ್ತೀನಾ?"

"ಈ ದವಡೆ ತೊಳೆದ್ರಾ?"

ಸಾಕಮ್ಮ ದವಡೆಯನ್ನು ಇನ್ನೊಮ್ಮೆ ನೋಡಿದಳು. "ಇಲ್ಲ," ಎಂದಳು. "ಇದ್ನ ತೊಳ್ದಿದ್ರೆ ಆವತ್ತೇ ಗುರ್ತು ಇಡೀತಿದ್ನಲ್ಲವ್ವ."

ಪವಿತ್ರಾ ಇನ್ಸ್‌ಪೆಕ್ಟರ ಕಡೆ ತಿರುಗಿದಳು. ಎದೆ ಮತ್ತೆ ಉಬ್ಬಿತ್ತು, ಅದನ್ನು ಅವಳು ತಡೆಯಲೂ ಇಲ್ಲ.

"ಸಾರ್, ಬಂದ್ ನೋಡಿ. ಎಲ್ಲ ಮೂಳೆಗೂ ಅರಿಸಿನ ಹತ್ತಿದೆ, ಇದಕ್ಕೆ ಮಾತ್ರ ಇಲ್ಲ."

"ಹೊಸ ಮೂಳೆಗೆ ಅರಿಸಿನ ಹತ್ತಲ್ಲವೇನೋ," ಎಂದರು ಇನ್ಸ್‌ಪೆಕ್ಟರು.

"ಕಮ್ಮಿ ಹತ್ತುತ್ತೆ. ಆದ್ರೆ ಹಲ್ಲಿನ ಸಂದಿ? ಅಲ್ಲಿ ಒಂದು ಕಣ ಆದ್ರೂ ಕೂತಿರ್ಬ್ಯಾಡ್ವಾ? ನಿಮ್ಮನೆಯೋರ ಸೀರೆಗೆ ಹತ್ತಿದ ಅರಿಸಿನ ಯಾವತ್ತಾದ್ರೂ ಹೋಗಿದ್ಯಾ? ಇಲ್ಲಿ ಅರಿಸಿನ ಇಲ್ಲ, ಹಾಲು ಇಲ್ಲ. ಇರೋದು ಮಣ್ಣು. ಅದೂ ಕಪ್ಪು ಎರೆಮಣ್ಣು. ಬೀರಯ್ಯನೋರ ಹೊಲ ಕೆಂಪು."

ಮಹೇಶ್‌ಕುಮಾರ್ ಕೆಂಪು ಮಣ್ಣು ಮೆತ್ತಿದ ತಮ್ಮ ಬೂಟನ್ನೊಮ್ಮೆ ನೋಡಿಕೊಂಡರು.

"ಈ ದವಡೆ ಆ ಹೊಲದಿಂದ ಬಂದಿದ್ದಲ್ಲ," ಎಂದಳು ಪವಿತ್ರಾ. "ಸಾಕಮ್ಮ ಮೂಳೆ ತೊಳೆದಾದ ಮೇಲೆ, ಯಾರೋ ಬೇರೆ ಕಡೆಯಿಂದ ತಂದು ಹೂವಿನ ಕೆಳಗೆ ಇಟ್ಟಿದ್ದಾರೆ. ಅದಾದ ಮೇಲೆ ಸ್ವಾಮಿ ಎಲ್ಲಿದ್ದ?"

"ನಮ್ಮ ಸ್ಟೇಷನ್ನಿನಲ್ಲಿ," ಎಂದರು ಇನ್ಸ್‌ಪೆಕ್ಟರು. ಹೇಳುವುದು ಅವರಿಗೆ ಇಷ್ಟವಿರಲಿಲ್ಲ, ಆದರೂ ಹೇಳಿದರು. ಆ ಮಟ್ಟಿಗೆ ಒಳ್ಳೆಯ ಮನುಷ್ಯ.

ತಾನು ಬೈದುಕೊಂಡು ಬಂದ ಆ ಹಾಲು, ಆ ಅರಿಸಿನವೇ ಈಗ ಒಬ್ಬ ಹುಡುಗನ ಕುತ್ತಿಗೆ ಉಳಿಸುತ್ತಿದೆ ಎಂಬುದು ಪವಿತ್ರಾಳಿಗೆ ಹೊಳೆಯದೆ ಇರಲಿಲ್ಲ. ಬೈದ ಮಾತನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡಳು.

"ಇಟ್ಟೋರು ಬೇರೆ, ಕೊಂದೋರು ಬೇರೆ ಇರ್ಬಹುದಲ್ಲ," ಎಂದರು ಮಹೇಶ್‌ಕುಮಾರ್. "ಬಸ್‌ಸ್ಟ್ಯಾಂಡಿನ ಜಗಳ ಆದ ವಾರ ಹುಡುಗ ಕಾಣೆ. ಅದಾಗಿ ಹದಿನೈದು ದಿನಕ್ಕೆ ಸ್ವಾಮಿ ಕೇರಳಕ್ಕೆ ಓಡಿಹೋದ. ಮಾನಂದವಾಡಿಯಲ್ಲಿ ಲಾರಿ ಓಡಿಸ್ಕೊಂಡು ಮೂರು ವರ್ಷ ಈ ಕಡೆ ತಲೆ ಹಾಕಿಲ್ಲ. ನಾನೇ ವಿಚಾರಿಸಿದ್ದೀನಿ, ಅಲ್ಲಿನ ಮಾಲೀಕರೂ ಹೇಳಿದ್ರು. ತಪ್ಪು ಮಾಡದೋನು ಯಾಕೆ ಓಡ್ತಾನೆ?"

ಅಷ್ಟರಲ್ಲಿ ಸಾಕಮ್ಮ ದವಡೆಯ ಹತ್ತಿರ ಮುಖ ತಂದು, "ಇಲ್ಲಿದ್ದ ಒಂದ್ ಅಲ್ಲು ಎಲ್ಲೋಯ್ತು?" ಎಂದಳು.

"ಯಾವ ಹಲ್ಲು?"

"ಸಿಮೆಂಟು ತುಂಬ್ಸಿದ್ದರ ಪಕ್ಕದ್ದು. ಮನೆ ಬುಟ್ಟೋಗೋ ದಿನ ಇತ್ತು. ನಾನೇನು ಕಾಣ್ನಾ, ಅಗೀತಾ ಇದ್ನಲ್ಲ, ಎದುರ್ಗೆ ಕೂತು ಬಡ್ಸಿದೋಳು ನಾನು."

ಅಲ್ಲಿ ಹಲ್ಲು ಉದುರಿದ ಗುಳಿ ಇರಬೇಕಿತ್ತು. ಸತ್ತ ಮೇಲೆ ಹಲ್ಲು ಉದುರಿದರೆ ಬೇರಿನ ಗುಳಿ ಹಾಗೇ ಬಾಯ್ತೆರೆದುಕೊಂಡಿರುತ್ತದೆ. ಪವಿತ್ರಾ ಬೆರಳ ತುದಿಯಿಂದ ಸವರಿದಳು. ಗುಳಿ ಇರಲಿಲ್ಲ. ಮೂಳೆ ತುಂಬಿ, ಅಂಚು ಇಳಿದು, ಜಾಗ ನುಣ್ಣಗಾಗಿತ್ತು. ಇನ್ನೊಮ್ಮೆ ಸವರಿದಳು. ಇಂಥ ಮಾತನ್ನು ಎರಡು ಸಲ ನೋಡದೆ ಹೇಳುವವಳಲ್ಲ.

"ಸಾಕಮ್ಮ," ಎಂದಳು ಕೊನೆಗೆ. "ನೀವು ಸ್ವಲ್ಪ ಗೋಡೆಗೆ ಒರಗಿ ಕೂತ್ಕೊಳ್ಳಿ."

"ಇಲ್ಲೇ ಸರಿಯಾಗಿದ್ದೀನಿ. ಅದೇನಂತ ಏಳು."

"ಈ ಹಲ್ಲನ್ನ ಕಿತ್ತಿದ್ದಾರೆ. ಕಿತ್ತ ಮೇಲೆ ಗಾಯ ವಾಸಿಯಾಗಿದೆ. ಒಳಗೆ ಹೊಸ ಮೂಳೆ ತುಂಬ್ಕೊಂಡಿದೆ. ಹೆಣದ ಮೂಳೆ ತುಂಬ್ಕೊಳ್ಳಲ್ಲ, ಬದುಕಿರೋರ ಮೂಳೆ ಮಾತ್ರ. ಅದಕ್ಕೆ ವರ್ಷ ಬೇಕು." ಅವಳು ಇನ್ಸ್‌ಪೆಕ್ಟರ ಕಡೆ ನೋಡಿದಳು. "ಮನೆ ಬಿಟ್ಟ ಮೇಲೆ ಶಶಿಕುಮಾರ್ ಒಂದು ವರ್ಷಕ್ಕೆ ಕಮ್ಮಿಯಿಲ್ಲದೆ ಬದುಕಿದ್ದ, ಜಗಳದ ವಾರ ಸತ್ತಿಲ್ಲ. ಆ ವರ್ಷವೆಲ್ಲ ಸ್ವಾಮಿ ಎಲ್ಲಿದ್ದ ಅಂತ ನೀವೇ ಈಗ ಹೇಳಿದ್ರಿ."

ಮಹೇಶ್‌ಕುಮಾರ್ ಟೋಪಿ ತೆಗೆದು ಕಂಕುಳಲ್ಲಿಟ್ಟರು. ಸ್ವಾಮಿ ಓಡಿಹೋದ ಎಂದು ಕಲೆಹಾಕಿದ ಸಾಕ್ಷಿಯೇ ಈಗ ಅವನ ಪರ ನಿಂತಿತ್ತು. ಜೇಬಿನಿಂದ ಫೋನ್ ತೆಗೆದು ಅಂಗಳಕ್ಕಿಳಿದರು. ಎಲ್ಲರಿಗೂ ಕೇಳುವಂತೆಯೇ ಮಾತಾಡಿದರು.

"ಸ್ವಾಮಿನ ಬಿಟ್ಟು ಕಳಿಸಿ. ಊಟ ಮಾಡಿಸಿ ಕಳಿಸಿ."

ಸಣ್ಣಬೀರಯ್ಯ ಹೆಗಲ ಮೇಲಿನ ಟವೆಲು ತೆಗೆದು ಮುಖಕ್ಕೆ ಒತ್ತಿಕೊಂಡ. ತೆಗೆದಾಗ ಕಣ್ಣು ಕೆಂಪಗಿದ್ದವು, ತಲೆ ಮಾತ್ರ ಎತ್ತಿಯೇ ಇತ್ತು. "ಏಳಿದ್ನಲ್ಲ ಕಣ್ರಪ್ಪ," ಎಂದ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. "ಏಳಿದ್ನಲ್ಲ ನಾನು."

ಪವಿತ್ರಾ ಕೈಗವಸು ಕಳಚಿದಳು. ಇಷ್ಟು ದಿನದ ಕೆಲಸದಲ್ಲಿ ಒಬ್ಬ ಜೀವಂತ ಮನುಷ್ಯನಿಗೆ ಉಪಕಾರವಾದದ್ದು ಇದೇ ಮೊದಲು, ಅದಕ್ಕೆ ಮನಸ್ಸು ತುಂಬಿತ್ತು. ಆದರೆ ಎದುರಿಗೆ ಸಾಕಮ್ಮ ಕೂತಿದ್ದಳು.

"ವರ್ಸ ಬದ್ಕಿದ್ದ," ಎಂದಳು ಸಾಕಮ್ಮ, ತನಗೆ ತಾನೇ ಲೆಕ್ಕ ಒಪ್ಪಿಸುವವಳಂತೆ. "ಎದ್ದು ಓಡಾಡ್ಕಂಡಿದ್ದ. ಅಲ್ ನೋವ್ ಬಂದೈತೆ, ಕೀಳಿಸ್ಕಂಡವ್ನೆ. ಯಾರ್ ಮನೇನಾಗೆ ಉಂಡ್ನವ್ವ ಅಷ್ಟ್ ದಿನ? ಮೂಳೆ ಅದ್ನ ಏಳಲ್ವಾ?"

"ಯಾರ ಮನೆ ಅಂತ ಮೂಳೆ ಹೇಳಲ್ಲಮ್ಮ."

"ನನ್ ಮನೇನಾಗೆ."

ಮಾತು ಬಂದದ್ದು ಬಾಗಿಲಿನಿಂದ. ಸೋಮಮ್ಮ ಹೊಸ್ತಿಲ ಆಚೆಗೆ ನಿಂತಿದ್ದಳು. ಸಣ್ಣಬೀರಯ್ಯ ಹೆಂಡತಿಯ ಕಡೆ ತಿರುಗಿದ. ಇವಳಿಗೆ ತಲೆ ಕೆಟ್ಟಿತೇ ಎನ್ನುವ ಹಾಗೆ ನೋಡಿದ.

"ನನ್ ಮನೆ ಅಂದ್ರೆ ಕೋಟೆ ತಾಲೂಕ್ನಾಗೆ ನಮ್ ತೌರು," ಎಂದಳು ಸೋಮಮ್ಮ. "ಇವ್ರಿಗೆ ಗೊತ್ತಿಲ್ಲ ಕಣ್ರೀ ಸಾರ್, ಇವ್ರನ್ನ ಏನೂ ಕೇಳ್ಬ್ಯಾಡಿ. ನಮ್ಮಣ್ಣನೂ ಈಗಿಲ್ಲ. ನಾನು ತಿಂಗ್ಳಿಗೆ ಎರಡ್ ಸಲ ತೌರಿಗೋಗ್ತಿದ್ನಲ್ಲ, ಆ ಉಡ್ಗನಿಗೆ ರೊಟ್ಟಿ ತಟ್ಕಂಡೋಗ್ತಿದ್ದೆ. ಅಲ್ ನೋವು ಅಂದಾಗ ಜೊತೇಲೋಗಿ ಕೀಳಿಸ್ದೋಳು ನಾನೇ. ಅವ್ನು ಅಸ್ಕಂಡಿರ್ನಿಲ್ಲ ಸಾಕಕ್ಕ. ಬೇಕಾದ್ರೆ ಮೇಡಮ್ಮೋರು ಅಲ್ಲಿರೋ ಅವ್ನ ಮೂಳೆ ಎಲ್ಲಾನೂ ನೋಡ್ಲಿ."

ಕೊನೆಯ ಮಾತನ್ನು ಹೇಳುವಾಗ ಅವಳ ಕತ್ತು ನೆಟ್ಟಗಾಯಿತು. ಪೊಲೀಸರೆದುರು ತಪ್ಪು ಒಪ್ಪಿಕೊಳ್ಳುತ್ತಿದ್ದರೂ, ತಾನು ಉಣಿಸಿದ್ದರ ಬಗ್ಗೆ ಅವಳಿಗೆ ನಾಚಿಕೆಯಿರಲಿಲ್ಲ. ಆ ಹೆಮ್ಮೆ ಪವಿತ್ರಾಳಿಗೆ ಅರ್ಥವಾಯಿತು.

ಮಹೇಶ್‌ಕುಮಾರ್ ಜಗಲಿ ಹತ್ತಿ ಬಂದರು. "ದವಡೆ ತಂದಿಟ್ಟಿದ್ದು ನೀವಾ?"

"ನಾನೇ. ನಿನ್ನೆ ಮೊಬ್ಬಿಗೆದ್ದು ತೌರಿಗೋಗಿ ಅವ್ನ ಗುಂಡಿ ಅಗ್ದು ತಂದೆ. ಮಡ್ಲಾಗೆ ಊವಿನ ಜೊತೆ ಕಟ್ಕಂಡು ಬಂದೆ. ಸಾಕಕ್ಕ ನನ್ನ ಕಂಡು ಮುಖ ತಿರುಗ್ಸಿ ಕೂತ್ಲು, ನೋಡ್ನಿಲ್ಲ."

"ನಿಮ್ಮ ಮಗ ಒಳಗೆ ಕೂತಿದ್ದಾನೆ, ಇದು ಸಿಕ್ಕಿದ್ರೆ ಅವನಿಗೇ ಕುತ್ತು ಅಂತ ಹೊಳೀಲಿಲ್ವಾ?"

"ಬೆಳಿಗ್ಗೆ ಮಣ್ಣಿಗಿಡ್ತಾರೆ, ಯಾರು ಎಣ್ಸಿ ನೋಡ್ತಾರೆ ಅನ್ಕಂಡೆ." ಸೋಮಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಯಾವಳ್ದೋ ಮೂಳೆಗೆ ಆಲು ಉಯ್ದು ಅಳ್ತಾ ಇದ್ಲಲ್ಲ ಸಾರ್. ಎತ್ತ ತಾಯಿ. ಅವಳ ಕೈಯಿಂದ ಒಂದಿಡಿ ಮಣ್ಣು ಅವ್ನ ಒಂದ್ ಮೂಳೆ ಮ್ಯಾಲಾದ್ರೂ ಬೀಳ್ಲಿ ಅಂತ ತಂದೆ. ನಾನೂ ಮಕ್ಳನ್ನ ಎತ್ತಿಲ್ವಾ?"

ಹೆಂಗಸರಲ್ಲಿ ಒಬ್ಬಳು ಬಿಕ್ಕಿದಳು. ಸಾಕಮ್ಮ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಪವಿತ್ರಾ ಅದನ್ನು ಗಮನಿಸಿದಳು. ಮೊನ್ನೆಯಿಂದ ಯಾರದೋ ಮೂಳೆಯ ಮುಂದೆ ಗೋಳಾಡಿದವಳು, ಮಗನ ಸುದ್ದಿ ಬಂದ ಮೇಲೆ ಅಳು ನಿಲ್ಲಿಸಿದ್ದಾಳೆ.

"ಹುಡುಗ ಹೇಗೆ ಸತ್ತ?" ಎಂದರು ಇನ್ಸ್‌ಪೆಕ್ಟರು.

ಸೋಮಮ್ಮ ಸೆರಗನ್ನು ಬಿಗಿಯಾಗಿ ಹೊದ್ದು ನೆಲ ನೋಡಿದಳು.

"ಅದನ್ನ ಆಮೇಲೆ ಕೇಳ್ತೀನಿ, ಮೊದ್ಲು ಇದನ್ನ ಹೇಳಿ. ಊರಿಗೆ ಊರೇ ಹುಡುಕ್ತಿತ್ತು. ಅವನನ್ನ ಬಚ್ಚಿಟ್ಟಿದ್ದು ಯಾರಿಗೆ ಹೆದರಿ? ನಿಮ್ಮ ಮಗನಿಗಾ?"

"ಸ್ವಾಮಿಗೆ ಅವ್ನು ಎದ್ರುತಿರ್ನಿಲ್ಲ. ಒಡ್ದಿದ್ದನ್ನ ಮರುದಿನವೇ ಮರ್ತಿದ್ದ." ಸೋಮಮ್ಮನ ಕಣ್ಣು ನಿಧಾನವಾಗಿ ಪಂಚೆಯ ಪಕ್ಕ ಕೂತವಳ ಕಡೆ ಹೋಯಿತು. "ನಮ್ ತೌರಿಗೆ ಬಂದ ದಿನ ನನ್ ಕಾಲಿಡ್ಕಂಡು ಒಂದೇ ಮಾತು ಏಳ್ದ ಕಣ್ರೀ. ಯಾರ್ಗಾದ್ರೂ ಏಳಿ ಅತ್ತೆ, ನಮ್ಮವ್ವನಿಗೆ ಮಾತ್ರ ನಾನಿಲ್ಲಿರೋದು ಏಳ್ಬ್ಯಾಡಿ ಅಂದ."

ಎಲ್ಲರೂ ಸಾಕಮ್ಮನ ಕಡೆ ತಿರುಗಿದರು. ಅವಳು ಸುಳ್ಳು ಎನ್ನಲಿಲ್ಲ, ಹೊಸ ಸುದ್ದಿ ಕೇಳಿದ ಬೆರಗೂ ಅವಳ ಮುಖದಲ್ಲಿರಲಿಲ್ಲ. ಅರಿಸಿನದ ಕೈಯನ್ನು ಮಡಿಲಲ್ಲಿ ಒರೆಸಿಕೊಂಡು, ಅಲ್ಲಿ ಪೊಲೀಸರಿದ್ದಾರೆ, ಊರಿದೆ ಎಂಬುದನ್ನೇ ಮರೆತವಳಂತೆ ಸೋಮಮ್ಮನೊಬ್ಬಳನ್ನೇ ಕೇಳಿದಳು.

"ಯಾಕೆ ಅಂತನೂ ಏಳ್ಬುಟ್ನಾ?"